ಸ್ಕ್ರ್ಯಾಬಲ್‌ನಲ್ಲಿ ಕ್ಯೂ ಅಕ್ಷರ ಸಿಕ್ಕಿ ಯು ಸಿಗ್ದೇ ಹೋದ್ರೆ ಏನ್ ಮಾಡ್ತೀರಾ?

ಬೆಣ್ಣೆಖಾಲಿ, ಬಸವನಗುಡಿ:
ಕರೆಂಟ್ ಹೋದಾಗೆಲ್ಲ ನಮ್ಮನೇಲಿ ಸ್ಕ್ರ್ಯಾಬಲ್ ಬೋರ್ಡ್ ಹೊರಗ್ ಬರತ್ತೆ (ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡೋ ಆಟ), ಇಂಗ್ಲಿಷಲ್ಲಿ ಕ್ಯೂ ಆದ್ಮೇಲೆ ಸಾಮಾನ್ಯವಾಗಿ ಯು ಬೇಕಲ್ಲ, ನಿನ್ನೆ ಕ್ಯೂ ಹಿಡ್ಕೊಂಡು ಯು ಬರತ್ತೆ ಬರತ್ತೆ ಅಂತ ಕೊನೇವರೆಗೂ ಕಾದೆ, ಬರ್ಲೇ ಇಲ್ಲ, ಕೈಲುಳಿದ ಕ್ಯೂದು 10 ಪಾಯಿಂಟ್ ಕಟ್ ಆಗಿ ಅಕ್ಕನ ಹತ್ರ ಸೋತೆ. ಯು ಇಲ್ದೇ ನಡೆಯೋ ಪದ ಇದ್ಯಾ?

ಹಳೇಡಿಕ್ಷನರಿ:
ಇದೆ ಗುರು. ಕ್ಯೂ-ಐ ಹಾಕು. ಓದೋದು 'ಚೀ' ಅಂತ, ಚೀನಾದವ್ರು ಪ್ರಾಣಶಕ್ತಿಗೆ ಹೇಳೋದು. ಅಕ್ಷರದ ಪಾಯಿಂಟ್ ಮೂರು ಪಟ್ಟು ಮಾಡೋ ಟ್ರಿಪಲ್ ಲೆಟರ್ ಮನೇಲಿ ಕ್ಯೂ ಕೂತು ಅಡ್ಡಕ್ಕೂ ಉದ್ದಕ್ಕೂ ಅದೇ ಪದ ಆದ್ರೆ 31 ಪ್ಲಸ್ 31, ಒಂದೇ ಏಟಿಗೆ 62! ಕ್ಯೂ-ಎ-ಟಿ ಕೂಡ ನಡೆಯತ್ತೆ, ಯೆಮೆನ್ ಕಡೆ ಜನ ನಮ್ ಎಲೆಅಡಿಕೆ ಥರ ಬಾಯಲ್ಲಿಟ್ಕೊಂಡು ಅಗಿಯೋ ಸೊಪ್ಪು, ಮತ್ತೇರತ್ತಂತೆ.

ಮಳೆಕಾಫಿ:
ಸ್ವರಾನೇ ಇಲ್ದೇ ಒದ್ದಾಡ್ತಿದ್ರೆ ಸಿ-ಡಬ್ಲ್ಯೂ-ಎಂ ನೆನಪಿಟ್ಕೊಳ್ಳಿ. 'ಕೂಮ್'. ವೆಲ್ಶ್ ಭಾಷೆದು, ಬೆಟ್ಟದ ಮಡಿಲಲ್ಲಿ ಬಟ್ಟಲಿನ ಹಾಗಿರೋ ಕಣಿವೆ. ಎ ಎರಡಿದ್ರೆ ಎ-ಎ, ಹವಾಯಿಲಿ ಒರಟು ಲಾವಾ ಕಲ್ಲಿಗೆ ಅನ್ನೋದು.

ಬೆಣ್ಣೆಖಾಲಿ, ಬಸವನಗುಡಿ:
ಅಯ್ಯೋ ಇದೆಲ್ಲ ಅಕ್ಕ ಒಪ್ಬೇಕಲ್ಲ, ಡಿ-ಒ-ಎಸ್-ಎ ಹಾಕಿದ್ದಕ್ಕೇ ಕನ್ನಡ ಪದ ನಡೆಯಲ್ಲ ಅಂತ ತೆಗೆಸಿದ್ಲು.

ಹಳೇಡಿಕ್ಷನರಿ:
ದೋಸೆ ಆಟದ ಪಟ್ಟಿಲೇ ಇದೆ ಕಣೋ, ಹೋಗಿ ಆ ಪಾಯಿಂಟ್ ವಾಪಸ್ ಇಸ್ಕೋ.