ಕಾರಿನ ನ್ಯಾವಿಗೇಷನ್ ಬಾಣ ರಸ್ತೆ ಬಿಟ್ಟು ಓಡುತ್ತಿದೆ: ಇಡೀ ಯೂನಿಟ್ ಬದಲಿಸಬೇಕೇ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಕಾರಿನೊಂದಿಗೇ ಬಂದಿರುವ ನ್ಯಾವಿಗೇಷನ್‌ನಲ್ಲಿ ನಕ್ಷೆ ತೆರೆದುಕೊಳ್ಳುತ್ತದೆ, ಧ್ವನಿಯೂ ಬರುತ್ತದೆ. ಆದರೆ ಹೊರಟ ಸ್ವಲ್ಪ ಹೊತ್ತಿನಲ್ಲೇ ಬಾಣ ನಿಧಾನವಾಗಿ ರಸ್ತೆಯಿಂದ ಜಾರಿ ಪಕ್ಕದ ಬಯಲಿನಲ್ಲಿ ಸಾಗತೊಡಗುತ್ತದೆ. ತಿರುವು ದಾಟಿದ ಮೇಲೆ ‘ಎಡಕ್ಕೆ ತಿರುಗಿ’ ಎನ್ನುತ್ತದೆ. ಮೊಬೈಲಿನ ನಕ್ಷೆ ಮಾತ್ರ ಸರಿಯಾಗಿದೆ. ಸರ್ವಿಸ್ ಸೆಂಟರಿನವರು ಯೂನಿಟ್ಟನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಅದಕ್ಕೂ ಮೊದಲು ಏನನ್ನು ಪರೀಕ್ಷಿಸಬಹುದು?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಬದಲಿಸುವ ಮಾತು ಸದ್ಯಕ್ಕೆ ಬೇಡ. ಬಾಣ ‘ನಿಧಾನವಾಗಿ ಜಾರುತ್ತದೆ’ ಎಂದು ತಾವು ಬರೆದಿರುವುದೇ ಮುಖ್ಯವಾದ ಸುಳಿವು. ಉಪಗ್ರಹದ ಸಿಗ್ನಲ್ ಸಿಗದಿದ್ದಾಗ ಇಂತಹ ಅನೇಕ ಯೂನಿಟ್‌ಗಳು ಚಕ್ರಗಳ ವೇಗ ಮತ್ತು ಗೈರೊ ಸೆನ್ಸರ್ ಹೇಳುವ ತಿರುವುಗಳನ್ನು ನಂಬಿ ಸ್ಥಾನವನ್ನು ಅಂದಾಜಿಸುತ್ತವೆ; ಆ ಅಂದಾಜಿನ ಸಣ್ಣ ತಪ್ಪುಗಳು ಸೇರುತ್ತಾ ಹೋದಂತೆ ಬಾಣ ರಸ್ತೆ ಬಿಡುತ್ತದೆ. ಮೊಬೈಲಿಗೆ ತನ್ನದೇ ಆಂಟೆನಾ ಇದೆ, ಜೊತೆಗೆ ಟವರ್ ಮತ್ತು ವೈಫೈ ನೆರವೂ ಇದೆ. ಆದ್ದರಿಂದ ಅದು ಸರಿಯಾಗಿದ್ದ ಮಾತ್ರಕ್ಕೆ ಕಾರಿನ ಆಂಟೆನಾ ಸರಿಯಿದೆ ಎನ್ನಲಾಗದು.

ಕಾರನ್ನು ಮರ, ಕಟ್ಟಡಗಳಿಲ್ಲದ ಕಡೆ ನಿಲ್ಲಿಸಿ, ಸೆಟ್ಟಿಂಗ್ಸ್‌ನಲ್ಲಿ ಉಪಗ್ರಹಗಳ ಸಂಖ್ಯೆ ತೋರಿಸುವ ಪುಟವಿದ್ದರೆ ತೆರೆಯಿರಿ. ಸ್ಥಾನ ತಿಳಿಯಲು ಕನಿಷ್ಠ 4 ಉಪಗ್ರಹಗಳು ಬೇಕು. ಉಪಗ್ರಹಗಳ ಪೂರ್ಣ ಪಟ್ಟಿ ಬಂದು ಸೇರಲು 12.5 ನಿಮಿಷ ಹಿಡಿಯುವುದರಿಂದ ಕಾಲು ಗಂಟೆಯಾದರೂ ಕಾಯಿರಿ. ಬಳಿಕ ಡ್ಯಾಶ್‌ಕ್ಯಾಮ್, ಮೊಬೈಲ್ ಚಾರ್ಜರ್ ಎಲ್ಲವನ್ನೂ ಕಿತ್ತು ಮತ್ತೊಮ್ಮೆ ನೋಡಿ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಆ ಸಿಗ್ನಲ್ ಎಷ್ಟು ಕ್ಷೀಣವೆಂದರೆ, ಕಳಪೆ ಚಾರ್ಜರ್ ಹೊರಡಿಸುವ ವಿದ್ಯುತ್ ಗದ್ದಲವೇ ಅದನ್ನು ಮುಚ್ಚಿಹಾಕಬಲ್ಲದು. ಆಂಟೆನಾ ಡ್ಯಾಶ್‌ಬೋರ್ಡಿನ ಒಳಗಿದ್ದರೆ, ಗಾಜಿಗೆ ಅಂಟಿಸಿದ ಲೋಹಾಂಶದ ಫಿಲ್ಮ್ ಕೂಡ ಅಡ್ಡಿಯಾಗುತ್ತದೆ.

ಇನ್ನೊಬ್ಬ ಸದಸ್ಯರು: ಮ್ಯಾಪ್ ಅಪ್‌ಡೇಟ್ ಮಾಡಿಸಿದರೆ ಸಾಲದೇ? ನನ್ನ ಹಳೆಯ ಕಾರಿನಲ್ಲಂತೂ ದಿನಾಂಕವೇ ಸುಮಾರು 20 ವರ್ಷ ಹಿಂದಿನದು ತೋರಿಸುತ್ತಿದೆ.

ಉತ್ತರ: ಮ್ಯಾಪ್ ಅಪ್‌ಡೇಟ್‌ನಿಂದ ಹೊಸ ರಸ್ತೆಗಳು ಬರುತ್ತವೆಯೇ ಹೊರತು ಬರದ ಸಿಗ್ನಲ್ ಬರುವುದಿಲ್ಲ. ತಮ್ಮ ತೊಂದರೆ ಬೇರೆ. ಜಿಪಿಎಸ್‌ನ ಹಳೆಯ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ, ಅಂದರೆ ಸುಮಾರು 20 ವರ್ಷಕ್ಕೆ, ಮುಗಿದು ಸೊನ್ನೆಗೆ ಮರಳುತ್ತದೆ. ಕಳೆದ ಬಾರಿ ಹೀಗಾದದ್ದು 2019ರ ಏಪ್ರಿಲ್‌ನಲ್ಲಿ. ಯೂನಿಟ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಸಿಕ್ಕರೆ ದಿನಾಂಕ ಸರಿಹೋಗಬಹುದು.

ಪ್ರಶ್ನೆ ಕೇಳಿದವರು: ಸರ್, ಎಲ್ಲವನ್ನೂ ಕಿತ್ತ ಮೇಲೂ ಉಪಗ್ರಹಗಳ ಸಂಖ್ಯೆ ಸೊನ್ನೆಯೇ ಇದೆ. ಅಂದ ಹಾಗೆ, ತೊಂದರೆ ಶುರುವಾಗುವ ಮುನ್ನ ಎಸಿ ರಿಪೇರಿಗಾಗಿ ಡ್ಯಾಶ್‌ಬೋರ್ಡ್ ಬಿಚ್ಚಿದ್ದರು.

ಉತ್ತರ: ಹಾಗಾದರೆ ಮೊದಲ ಅನುಮಾನ ಆಂಟೆನಾ ಕೇಬಲ್ಲಿನ ಮೇಲೆ. ಯೂನಿಟ್‌ನ ಹಿಂಬದಿಯಲ್ಲಿ ಜಿಪಿಎಸ್ ಕೇಬಲ್ಲಿನ ಪ್ಲಗ್ ಇರುತ್ತದೆ, ಅನೇಕ ಕಾರುಗಳಲ್ಲಿ ಅದು ನೀಲಿ ಬಣ್ಣದ್ದು. ‘ಟಿಕ್’ ಎಂದು ಕೂರದಿದ್ದರೆ ನೋಡಲು ಸೇರಿದಂತಿದ್ದರೂ ಒಳಗೆ ಸಂಪರ್ಕವಿರುವುದಿಲ್ಲ. ಸುತ್ತ ಏರ್‌ಬ್ಯಾಗ್ ತಂತಿಗಳಿರಬಹುದಾದ್ದರಿಂದ ಪ್ಯಾನೆಲನ್ನು ತಾವೇ ಬಿಚ್ಚಬೇಡಿ. ಪ್ಲಗ್ ಭದ್ರವಾಗಿದ್ದೂ ಫಲವಿಲ್ಲದಿದ್ದರೆ, ಅದನ್ನು ಕಳಚಿ ಯೂನಿಟ್ ಕಡೆಯ ನಡುಪಿನ್ನಿನಲ್ಲಿ ವೋಲ್ಟೇಜ್ ಅಳೆಯಲು ಮೆಕ್ಯಾನಿಕ್‌ಗೆ ಹೇಳಿ. ಆಂಟೆನಾಗೆ ಹೋಗಬೇಕಾದ 3ರಿಂದ 5 ವೋಲ್ಟ್ ಅಲ್ಲಿದ್ದರೆ ಕೇಬಲ್ ಅಥವಾ ಆಂಟೆನಾ ಬದಲಿಸಿ ನೋಡುವುದು ನ್ಯಾಯ. ಅಲ್ಲೇ ಇಲ್ಲದಿದ್ದರೆ ಸರ್ವಿಸ್ ಸೆಂಟರಿನವರ ಮಾತನ್ನು ಒಪ್ಪಬೇಕಾಗುತ್ತದೆ. ಏನೇ ಬದಲಿಸಿದರೂ ಕಾರನ್ನು ಶೆಡ್ಡಿನಿಂದ ಹೊರಗೆ ತರಿಸಿ, ಉಪಗ್ರಹಗಳ ಸಂಖ್ಯೆ ಏರಿದ್ದನ್ನು ಕಣ್ಣಾರೆ ನೋಡಿದ ನಂತರವೇ ಪ್ಯಾನೆಲ್ ಮುಚ್ಚಿಸಿ.