ಸಹಾಯ ಬೇಕು: ಹರ್ಪಿಸ್ ವೈರಸ್‌ನ ಐಸಿಪಿ4 ಪ್ರೋಟೀನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಸೆಮಿನಾರ್‌ಗೆ ಹರ್ಪಿಸ್ ಸಿಂಪ್ಲೆಕ್ಸ್-1 ವೈರಸ್ ತಗೊಂಡಿದ್ದೀನಿ, ಒಂದು ಕಡೆ ತಲೆ ಓಡ್ತಿಲ್ಲ.

ವೈರಸ್ ಕಣದ ಜೊತೆಗೇ ಜೀವಕೋಶದ ಒಳಗೆ ಬರೋ ವಿಪಿ16 ಅನ್ನೋ ಪ್ರೋಟೀನ್, ನಮ್ಮ ಜೀವಕೋಶದ್ದೇ ಆದ ಆಕ್ಟ್-1, ಎಚ್‌ಸಿಎಫ್-1 ಪ್ರೋಟೀನ್‌ಗಳನ್ನು ಸೇರಿಸಿಕೊಂಡು ವೈರಸ್‌ನ ಆಲ್ಫಾ ಜೀನ್‌ಗಳನ್ನು (ಸೋಂಕಿನಲ್ಲಿ ಮೊದಲು ಕೆಲಸ ಶುರು ಮಾಡೋವು) ಆನ್ ಮಾಡುತ್ತೆ (ಕಿಲಾಡಿ!). ಇಲ್ಲಿವರೆಗೆ ಸರಿ. ಮುಂದೆ, ಆಮೇಲಿನ ಸರದಿಯ ಬೀಟಾ, ಗಾಮಾ ಜೀನ್‌ಗಳು ಸರಿಯಾಗಿ ಕೆಲಸ ಮಾಡೋಕೆ, ಆಲ್ಫಾ ಜೀನ್‌ಗಳಲ್ಲೊಂದರಿಂದ ಬರೋ ಐಸಿಪಿ4 ಪ್ರೋಟೀನ್ ಬೇಕೇ ಬೇಕು. ಆದ್ರೆ ಅದೇ ಐಸಿಪಿ4 ತನ್ನದೇ ಜೀನ್‌ನ ಪ್ರೊಮೋಟರ್ (ಜೀನ್‌ನ ಸ್ವಿಚ್ ಥರದ ಡಿಎನ್‌ಎ ಭಾಗ) ಮೇಲೆ ಕೂತು ಅದನ್ನು ಅದುಮುತ್ತೆ! ಒಂದೇ ಪ್ರೋಟೀನ್ ಒಂದು ಕಡೆ ಏರಿಸಿ ಇನ್ನೊಂದು ಕಡೆ ಇಳಿಸೋದು ಹೇಗೆ? ಅದು ಕೂರೋ ಜಾಗ ಟ್ರಾನ್ಸ್‌ಕ್ರಿಪ್ಷನ್ (ಜೀನ್‌ನಿಂದ ಆರ್‌ಎನ್‌ಎ ನಕಲು ತೆಗೆಯೋದು) ಶುರುವಾಗೋ ಕಡೆಯೇ ಇರೋದು ಕಾರಣನಾ? ಹಾಗಾದ್ರೆ ಟ್ರಾನ್ಸ್‌ಕ್ರಿಪ್ಷನ್ ಶುರು ಮಾಡಿಸೋ ಜೀವಕೋಶದ ಪ್ರೋಟೀನ್ ಗುಂಪು ಟಿಎಫ್‌ಐಐಡಿ ಪಾತ್ರ ಏನು?

ಇನ್ನೊಂದು ವೈರಸ್ ಪ್ರೋಟೀನ್ ಐಸಿಪಿ0, ಅದು ನಾಶ ಮಾಡೋ ನಮ್ಮ ಜೀವಕೋಶದ ಪ್ರೋಟೀನ್ ಪಿಎಂಎಲ್ ಕಥೆ ಗೊತ್ತು, ಅದು ಬೇಡ. ವೈರಾಲಜಿಯವರು ಯಾರಾದ್ರೂ ಇದ್ರೆ ಸ್ವಲ್ಪ ಬಿಡಿಸಿ ಹೇಳ್ತೀರಾ?