ಹಿತ್ತಲಲ್ಲಿ ಹಳೆ ಮೈನಿನ ಮಣ್ಣು, ಕೆರೆಸಿ ತೆಗೆಸಲಾ?

ಡಿಚೋಲಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡ ಕಡೆಯವರು, ಗೋವಾದ ಡಿಚೋಲಿ ಹತ್ತಿರ ಒಂಬತ್ತು ವರ್ಷದಿಂದ ಇದ್ದೇವೆ. ಹೋದ ವರ್ಷ ಒಂದು ಹಳೆ ಮನೆ ತಗೊಂಡೆವು. ಹಿಂದೆ ಗುಡ್ಡದ ಮೇಲೆ, ನಿಂತುಹೋದ ಕಬ್ಬಿಣದ ಅದಿರಿನ ಮೈನಿನ ಡಂಪ್, ಅಂದರೆ ಅಗೆದು ಸುರಿದ ಮಣ್ಣಿನ ರಾಶಿ ಇದೆ. ಹಿತ್ತಲ ಮಣ್ಣು ಒದ್ದೆಯಾದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಗಿಲಾವು ಮಾಡಿದ ಹಾಗೆ ಗಟ್ಟಿ. ಹರಿವೆ ಬಿತ್ತಿದರೆ ನಾಲ್ಕು ಎಲೆ ಬಂದು ನಿಂತುಬಿಡುತ್ತದೆ. ಅದೂ ಹೋಗಲಿ, ಮಗಳಿಗೆ ಈಗ ಹದಿನಾಲ್ಕು ತಿಂಗಳು, ಅಂಗಳಕ್ಕೆ ಬಿಟ್ಟರೆ ಸಾಕು ಮಣ್ಣು ಬಾಯಿಗೆ ಹೋಗುತ್ತದೆ. ಜೆಸಿಬಿ ಇಟ್ಟವರೊಬ್ಬರು ಎರಡು ಅಡಿ ಕೆರೆದು ಒಯ್ದು, ಬೇರೆ ಕೆಂಪು ಮಣ್ಣು ಹಾಕಿಕೊಡುತ್ತೇನೆ ಅಂದಿದ್ದಾರೆ. ಮಾಡಿಸಲಾ? ದುಡ್ಡು ಹೇಗೋ ಹೊಂದಿಸಬಹುದು, ಆದರೆ ಹೆದರಿಕೆ ಹೋಗಬೇಕು.

ಕಾರವಾರದಿಂದ ಮಡಗಾಂವ್:
ಅಕ್ಕಾ, ಜೆಸಿಬಿ ಈಗಲೇ ಬೇಡ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹಿತ್ತಲಲ್ಲಿ ಆರೇಳು ಕಡೆ ಗೇಣುದ್ದ ತಗ್ಗು ತೋಡಿ ಮಣ್ಣು ತೆಗೆದು, ಎಲ್ಲ ಕೂಡಿಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಚೀಲಕ್ಕೆ ಹಾಕಿ. ಮಗು ಆಡುವ ಜಾಗದ್ದು ಬೇರೆ ಚೀಲ, ಅಲ್ಲಿ ಮೇಲಿನ ಒಂದು ಇಂಚು ಮಾತ್ರ, ಯಾಕೆಂದರೆ ಅವಳ ಕೈಗೆ ಹತ್ತೋದು ಅದೇ ಮಣ್ಣು. ಸತು ಲೇಪಿಸಿದ ತಗಡಿನ ಸಲಿಕೆ ಬಳಸಬೇಡಿ, ಅದರ ಸತು ಮಣ್ಣಿಗೆ ಸೇರುತ್ತದೆ. ಓಲ್ಡ್ ಗೋವಾ ಊರಿನಲ್ಲಿ ಐಸಿಎಆರ್‌ನ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಕೇಳಿ ನೋಡಿ.

ಒಂದು ಮಾತು ಮರೆಯಬೇಡಿ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶ ಇರುತ್ತವೆ. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ ಅದರಲ್ಲಿ ಬರುತ್ತವೆ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಬರುವುದಿಲ್ಲ. ಅವನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಗೋವಾದ ಗಣಿ ಹೆಚ್ಚಾಗಿ ಕಬ್ಬಿಣ ಮತ್ತು ಮ್ಯಾಂಗನೀಸ್‌ದು, ಸೀಸದ ಗಣಿ ಅಲ್ಲ, ಆದರೂ ಮಗು ಇರುವ ಮನೆ, ನೋಡಿಬಿಡೋದು ಒಳ್ಳೇದು. ಬಾವಿ ಇದ್ದರೆ ನೀರನ್ನೂ ಕೊಡಿ. ಕುಡಿಯುವ ನೀರಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಒಳಗೆ ಇರಬೇಕು ಅನ್ನುತ್ತದೆ ನಮ್ಮ ದೇಶದ ಮಾನದಂಡ, ಬೇರೆ ನೀರೇ ಇಲ್ಲದಿದ್ದರೆ 0.3 ತನಕ.

ಹಳೇ ಟಿಪ್ಪರ್:
ತಂಗೀ, ನಾನು ಬಾಗಲಕೋಟೆ ಕಡೆಯವನು. 2012ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ನಿಲ್ಲಿಸುವ ತನಕ ಸಾವರ್ಡೆ, ಕುಡ್ಚಡೆ ಕಡೆ ಟಿಪ್ಪರ್ ಓಡಿಸಿದ್ದೇನೆ. ಅದಿರು ಸಿಗಬೇಕಾದರೆ ಅದರ ಎರಡು ಮೂರು ಪಟ್ಟು ಬೇಡದ ಮಣ್ಣು ಅಗೆಯಬೇಕು, ಅದಕ್ಕೆ ನಾವು ರಿಜೆಕ್ಷನ್ ಅಂತಿದ್ದೆವು, ನಿಮ್ಮ ಹಿಂದಿನ ಗುಡ್ಡ ಅದೇ. ಜೆಸಿಬಿಯವರು ತರುವ ಕೆಂಪು ಮಣ್ಣು ಎಲ್ಲಿಯದು ಅಂತ ಕೇಳಿದಿರಾ? ಅದೂ ಬೇರೊಂದು ಡಂಪಿನದೇ ಆಗಿದ್ದರೆ ನಿಮ್ಮ ದುಡ್ಡು ಹೋಯಿತು ಅಂತ ತಿಳಿದುಕೊಳ್ಳಿ. ನಿಮ್ಮ ಮಣ್ಣು ಒಯ್ದು ಎಲ್ಲಿ ಸುರಿಯುತ್ತಾರೆ ಅಂತಲೂ ಕೇಳಿ. ಹಳ್ಳದ ದಂಡೆಗೆ ಸುರಿದರೆ ಮಳೆಗಾಲದಲ್ಲಿ ಕೆಳಗಿನವರ ಗದ್ದೆಗೆ ಹೋಗುತ್ತದೆ. ಅಂಥ ಗದ್ದೆ ನಾನು ಕಣ್ಣಾರೆ ಕಂಡಿದ್ದೇನೆ, ಭತ್ತದ ಬುಡದಲ್ಲಿ ಕೆಂಪು ಕೆಸರು ಕೂತು ನೀರು ಒಳಗೆ ಇಳಿಯುತ್ತಿರಲಿಲ್ಲ. ಆ ರೈತ ಬದುವಿನ ಮೇಲೆ ಸುಮ್ನೆ ಕೂತಿದ್ದ. ಇವತ್ತಿಗೂ ಮರೆತಿಲ್ಲ.

ಇನ್ನೊಂದು. ಮೇಲಿನ ಡಂಪಿನಲ್ಲಿ ಹುಲ್ಲು, ಗಿಡ ಇದೆಯೋ ಇಲ್ಲವೋ ನೋಡಿ. ಬೋಳಾಗಿದ್ದರೆ ನೀವು ಈ ವರ್ಷ ಎಷ್ಟೇ ಕೆರೆದರೂ ಮಿರಗದ ಮಳೆ ಬಿದ್ದ ಕೂಡಲೇ ಮತ್ತೆ ಇಳಿದು ಬರುತ್ತದೆ. ಮೊದಲು ಮೇಲಿನ ಬದಿಗೆ ಕಾಲುವೆ ತೋಡಿಸಿ, ನೀರು ಪಕ್ಕಕ್ಕೆ ಹೋಗಲಿ. ಕಾಲುವೆ ಅಂಚಿಗೆ ಲಾವಂಚ ಹಚ್ಚಿ. ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ.

ಕೆಜಿಎಫ್‌ನಿಂದ ಪುಣೆ:
ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು, ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಊರ ನಡುವೆ ಹಾಗೇ ನಿಂತವು. ಗಾಳಿ ಎದ್ದ ದಿನ ಅಮ್ಮ ಅನ್ನದ ಪಾತ್ರೆಗೆ ಬಟ್ಟೆ ಮುಚ್ಚುತ್ತಿದ್ದರು, ಒಗೆದು ಹಾಕಿದ ಬಟ್ಟೆ ಮೇಲೆ ಬಿಳಿ ಪುಡಿ. ಹಾಗಾಗಿ ನಿಮ್ಮ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ರಿಪೋರ್ಟ್ ಬರುವ ತನಕ ಕಸಗುಡಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಚಪ್ಪಲಿ ಹೊರಗೇ ಇರಲಿ, ಊಟಕ್ಕೆ ಮುಂಚೆ ಮಗುವಿನ ಕೈ ಸೋಪು ಹಾಕಿ ತೊಳೆಯಿರಿ. ಮಾಮೂಲಿ ಮಾತು ಅನ್ನಿಸಬಹುದು, ಆದರೆ ಮಕ್ಕಳ ಹೊಟ್ಟೆಗೆ ಹೋಗುವುದು ಕೈಯಿಂದಲೇ ಜಾಸ್ತಿ.

ಅಮೆರಿಕದ ಐಡಾಹೊದಲ್ಲಿ ಬಂಕರ್ ಹಿಲ್ ಅಂತ ಒಂದು ಹಳೆ ಸೀಸದ ಗಣಿ ಪ್ರದೇಶ ಇದೆ. ಅಲ್ಲಿ ಸಾವಿರಾರು ಮನೆಗಳ ಅಂಗಳ ಸರ್ಕಾರವೇ ಮುಂದೆ ನಿಂತು ಸರಿಮಾಡಿಸಿತು. ಅಂಗಳದಲ್ಲಿ ಒಂದು ಅಡಿ, ಕೈತೋಟದಲ್ಲಿ ಎರಡು ಅಡಿ ಮಣ್ಣು ತೆಗೆದರು. ಕೆಳಗೆ ಇನ್ನೂ ಕೆಟ್ಟ ಮಣ್ಣು ಉಳಿದಿದ್ದ ಕಡೆ ಒಂದು ಹಾಸು ಹಾಸಿ, ಮೇಲೆ ಪರೀಕ್ಷೆ ಮಾಡಿದ ಒಳ್ಳೆ ಮಣ್ಣು ತುಂಬಿದರು. ತೆಗೆದ ಮಣ್ಣಿಗೆ ಬೇರೆಯೇ ಜಾಗ ಮಾಡಿದರು.

ನಮ್ಮಲ್ಲೂ ಖರ್ಚು ನಿಮ್ಮೊಬ್ಬರ ಮೇಲೆ ಬೀಳಬಾರದು. 2015ರಿಂದ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ನಿಧಿ ಇದೆ, ಗಣಿಯಿಂದ ತೊಂದರೆಯಾದ ಊರುಗಳಿಗಾಗಿಯೇ ಇರುವ ಹಣ ಅದು. ಕುಡಿಯುವ ನೀರು, ಮಾಲಿನ್ಯ ತಡೆ ಎರಡೂ ಅದರಲ್ಲಿ ಬರುತ್ತವೆ. ಅಕ್ಕಪಕ್ಕದವರನ್ನು ಕೂಡಿಸಿಕೊಂಡು ಗ್ರಾಮಸಭೆಯಲ್ಲಿ ಡಂಪಿನ ಮಾತು ಎತ್ತಿ, ಒಬ್ಬರ ಅರ್ಜಿಗಿಂತ ಇಪ್ಪತ್ತು ಮನೆಯ ಅರ್ಜಿಗೆ ತೂಕ ಜಾಸ್ತಿ.

ಡಿಚೋಲಿ ಸೊಸೆ:
ತುಂಬಾ ಥ್ಯಾಂಕ್ಸ್. ಅಣ್ಣಾ, ನೀವು ಹೇಳಿದ ಮೇಲೆ ಹೋಗಿ ನೋಡಿದೆ, ಡಂಪ್ ನಮ್ಮ ಕಡೆ ಪೂರ್ತಿ ಬೋಳು. ಫೋನ್ ಮಾಡಿ ಕೇಳಿದರೆ ಮಣ್ಣು ಎಲ್ಲಿಂದ ತರುತ್ತೇನೆ ಅಂತ ಆ ಮನುಷ್ಯ ಸರಿಯಾಗಿ ಹೇಳಲಿಲ್ಲ, ಬೇಡ ಅಂದುಬಿಟ್ಟೆ. ಮಣ್ಣಿನ ರಿಪೋರ್ಟ್ ಬರುವವರೆಗೆ ಸೊಪ್ಪು ಬೆಳೆಯೋದು ಪೂರ್ತಿ ಬಿಡಬೇಕಾ?

ಕಾರವಾರದಿಂದ ಮಡಗಾಂವ್:
ಬಿಡಬೇಡಿ ಅಕ್ಕಾ, ಆದರೆ ನೆಲದಲ್ಲಿ ಬೇಡ. ಚಿರೆಕಲ್ಲು ಎರಡು ಸಾಲು ಇಟ್ಟು ಏರುಮಡಿ ಕಟ್ಟಿ, ತಳಕ್ಕೆ ದಪ್ಪ ಹಾಸು, ಮೇಲೆ ಗೊತ್ತಿರುವ ಕಡೆಯ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ. ಹರಿವೆ, ಪಾಲಕ್ ಎಲ್ಲ ಅದರಲ್ಲೇ ಇರಲಿ, ಸೊಪ್ಪಿನ ಎಲೆಗೆ ಲೋಹ ಜಾಸ್ತಿ ಸೇರುತ್ತದೆ, ಮೇಲೆ ಧೂಳೂ ಕೂರುತ್ತದೆ. ಮಣ್ಣು ಹುಳಿ ಅಂತ ರಿಪೋರ್ಟ್ ಬಂದರೆ ಹಿತ್ತಲಿಗೆ ಸುಣ್ಣ ಹಾಕಬಹುದು, ಆಗ ಮ್ಯಾಂಗನೀಸ್ ಗಿಡಕ್ಕೆ ಅಷ್ಟು ಸಿಗುವುದಿಲ್ಲ. ಎಷ್ಟು ಸುಣ್ಣ ಅನ್ನೋದು ಮಾತ್ರ ಪರೀಕ್ಷೆ ನೋಡಿಯೇ ಹೇಳಬೇಕು. ರಿಪೋರ್ಟ್ ಬಂದ ದಿನ ಇಲ್ಲೇ ಹಾಕಿ, ಕೂತು ಓದೋಣ.